ಇಪ್ಪತ್ತೊಂಬತ್ತು

ಹಿನ್ನೀರು ಹಳೆಯ ಬಾಗಲಕೋಟೆಗೆ ಬಂದಾಗ
ಯಾರ ಹೆಸರೂ ಕೇಳಲಿಲ್ಲ.
ತಗ್ಗು ಕಂಡಲ್ಲಿ ಮೊದಲು ಕೂತಿತು:
ಹೊಳೆದಂಡೆಯ ತೋಟ, ಆಮೇಲೆ ಓಣಿಯ ಕಟ್ಟೆ,
ಆಮೇಲೆ ನಮ್ಮ ಹಿತ್ತಲ ಒಳಕಲ್ಲು.
ಅದನ್ನು ಕಂಡವಳಿಗೆ
ಎಲೆಕ್ಟ್ರಾನು ತುಂಬುವ ಪಾಠಕ್ಕೆ
ಪುಸ್ತಕ ಬೇಕಾಗಲಿಲ್ಲ.

ನವನಗರದ ಕಾಲೇಜು. ಊಟದ ನಂತರದ ಪಿರಿಯಡ್ಡು. ಕರೆಂಟಿಲ್ಲ.
ಹಲಗೆಯ ಮೇಲೆ ಚೌಕ ಗೀಚಿ ಬಾಣ ಬರೆಯುತ್ತೇನೆ,
ಒಂದು ಮೇಲಕ್ಕೆ, ಒಂದು ಕೆಳಕ್ಕೆ.

‘ಮೂರರ ಡಿ ಒಳಗಿಂದು, ನಾಕರ ಎಸ್ ಹೊರಗಿಂದು.
ಹೊರಗಿಂದು ಮೊದಲ ಯಾಕ ತುಂಬತೈತ್ರಿ?’
ರುಬೀನಾ ಬಾಗವಾನ, ಮೂರನೆಯ ಬೆಂಚು.

ನಮ್ಮ ಸೆಕ್ಟರಿನ ಮೂಲೆಮನಿ ನೆನಸಿಕೋ, ಅಂದೆ.
ದೂರ ಖರೆ, ಆದ್ರ ಇಳಿಜಾರು;
ಟ್ರಂಕು ಹೊತ್ತವರಿಗೆ ಏರು ಹತ್ತೂದಿಲ್ಲ.
ಪತ್ತಾರ ಅಣ್ಣತಮ್ಮರು ಮೊದಲು ಅಲ್ಲೇ ಇಳಿದರು.
ಒಂದೇ ಸೂರು, ಎರಡು ಬಾಗಿಲು.
ಕಾಳಪ್ಪ ಮೂಡಣಕ್ಕೆ ಮುಖ ಮಾಡಿದರೆ
ಮೌನೇಶ ಪಡುವಣಕ್ಕೆ.
ಇಬ್ಬರದೂ ಒಂದೇ ದಿಕ್ಕಾದರೆ ಆ ಮನೆ ತಾಳದು.
ಮೂರನೆಯವನ ಮಾತೇ ಇಲ್ಲ.

ಒಳಗಿನ ಓಣಿಯಲ್ಲಿ ಐದು ಜೋಡಿಮನೆ.
ಮೊದಲ ಐದು ಮನೆತನ ಒಂದೊಂದು ಹಿಡಿದವು;
ನಡುಗೋಡೆಯಾಚೆ ಖಾಲಿ ಇದ್ದರೆ ಯಾರಿಗೆ ಬೇಡ?
ಆರನೆಯವರು ಬಂದಾಗಲೇ
ಒರಳಿನ ಸದ್ದಿಗೂ ತಕರಾರು.
ಹಂಗ ಸುಮ್ಮನ ಯಾರೂ ಜೋಡಿಯಾಗೂದಿಲ್ಲ.
ಒಂಬತ್ತು ಒಲೆ ಹೊತ್ತಿದವು.
ಹತ್ತನೆಯ ಬಾಗಿಲಿಗೆ ಬೀಗ.

ಹಲ್ಲುದುರಿದ ಬಾಯಿಯಂತಿತ್ತು ಓಣಿ,
ಒಂದು ಬೆಳಗ್ಗೆ ಮೌನೇಶ
ಅಗ್ಗಿಷ್ಟಿಕೆ, ಇಕ್ಕುಳ, ಊದುಗೊಳವೆ ಹೊತ್ತು
ಮೂಲೆಮನೆ ಬಿಟ್ಟು ಬಂದು ಬೀಗ ತೆಗೆಯುವ ತನಕ.
ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.
ಗುಮಾಸ್ತನಾಗಿದ್ದ ನಮ್ಮಪ್ಪ
ಪಟ್ಟಿಯನ್ನೊಮ್ಮೆ, ತುಂಬಿದ ಓಣಿಯನ್ನೊಮ್ಮೆ ನೋಡಿ
ಪೆನ್ನಿನ ಟೋಪಿ ಹಾಕಿದ.

‘ತಾಮ್ರ’ ಅಂತ ಬರೆದೆ ಹಲಗೆಯ ಮೇಲೆ.

‘ಅಲ್ಲೇ ಉಳದಾಂವ ಏನಾದ್ರಿ?’

ಕಾಳಪ್ಪ ಎರಡೂ ಬಾಗಿಲು ತೆರೆದೇ ಇಟ್ಟ.
ಗಾಳಿ ಸೀದಾ ಹಾದುಹೋಗುತ್ತಿತ್ತು, ಅವನೂ.
ಯಾರ ಪರಿಹಾರದ ಚೆಕ್ಕು ಬಂತು,
ಯಾರ ಎಮ್ಮೆ ಈಯ್ತು,
ನೀರಿಳಿದಾಗ ಯಾವ ಗುಡಿಯ ತುದಿ ಕಂಡಿತು,
ಸೆಕ್ಟರಿನಿಂದ ಸೆಕ್ಟರಿಗೆ ಒಯ್ದು ತಂದ.
ಅವನಿಲ್ಲದಿದ್ದರೆ
ನಾವು ನಂಬರು ಬರೆದ ಗೋಡೆಗಳು.
ತಂತಿಯೊಳಗ ಓಡ್ಯಾಡಾಂವ ಅವನ, ಅಂದೆ.

ಕರೆಂಟು ಬಂತು.
ಫ್ಯಾನು ಕಿರುಗುಟ್ಟಿ ತಿರುಗಿತು.
ಎಲ್ಲರೂ ಮೇಲೆ ನೋಡಿದರು, ನನ್ನನ್ನಲ್ಲ.
ರುಬೀನಾ ಮಾತ್ರ ಬೆರಳಿಗೆ ಉಗುಳು ಹಚ್ಚಿ
ನೋಟುಬುಕ್ಕಿನ ಮೂಲೆಯ ಚೌಕದಿಂದ
ಒಂದು ಬಾಣ ಒರೆಸಿದಳು.