ವಿಯೆನ್ನಾ ನನ್ನದು

ಗ್ರಿಮ್ಸ್‌ಬಿಯಲ್ಲಿ ರಾತ್ರಿ ಒಂದೂಕಾಲು.
ಎದುರು ಮನೆ ಅಡುಗೆಕೋಣೆಯಲ್ಲಿ ದೀಪ:
ಡಂಕನ್ ರಷ್ಯಾವನ್ನು ಎಬ್ಬಿಸಿದ್ದಾನೆ.

ಮೊನ್ನೆಯಷ್ಟೇ ಮಾತು ಕೊಟ್ಟಿದ್ದ,
ಡ್ಯಾನ್ಯೂಬ್ ದಾಟುವುದಿಲ್ಲವೆಂದು.
ಪರ್ತ್‌ನಿಂದ ನಾಗವೇಣಿ, ಫ್ರಾನ್ಸ್ ಆಡುವವಳು,
'ಅವನನ್ನು ನಂಬಬೇಡ ಕಣೇ' ಅಂದಿದ್ದಳು.
ಅವಳನ್ನು ನಂಬುವುದು ಹೇಗೆ?

ಪರದೆಯ ಮೇಲೆ ಹಸಿರು ಚೌಕಗಳು
ಇರುವೆಸಾಲಾಗಿ ಕೆಳಗಿಳಿದವು.
ಇಪ್ಪತ್ತು ಸಾವಿರ ಕಾಲಾಳು
ಬೆರಳಿನ ಒಂದು ಒತ್ತಿಗೆ ಅಳಿದರು;
ನನ್ನ ಚಹಾ ಇನ್ನೂ ಬಿಸಿ.
ವಿಯೆನ್ನಾದಲ್ಲಿ ಉಳಿದದ್ದು
ಒಂದು ಕುದುರೆದಳ, ತೂತುಬಿದ್ದ ಖಜಾನೆ.

ಕಿಟಕಿ ತೆರೆದು ಬೈಯಬಹುದಿತ್ತು,
ರಸ್ತೆ ಅಷ್ಟು ಕಿರಿದು.
ದೀಪ ಆರಿತು.

ಬೆಳಿಗ್ಗೆ ನೋಡಿದರೆ
ನನ್ನ ಕಸದ ಡಬ್ಬಿಯನ್ನೂ
ಅವನೇ ರಸ್ತೆಗೆ ಎಳೆದಿಟ್ಟಿದ್ದಾನೆ,
ಕಡಲಗಾಳಿಗೆ ಮುಚ್ಚಳ ಹಾರದಂತೆ
ಮೇಲೊಂದು ಇಟ್ಟಿಗೆ.

ಇಟ್ಟಿಗೆ ವಾಪಸು ಕೊಟ್ಟಿಲ್ಲ.
ಅದೀಗ ನನ್ನ ಒತ್ತೆಯಾಳು.