ಇನ್ನೂರ ಹನ್ನೆರಡರ ನಂತರ

ದೀಪ ಆರಿಸುವ ಗಂಟೆ ಹೊಡೆಯುವುದು ನನ್ನ ಕೆಲಸ.
ಹೊಡೆದು, ಹತ್ತು ನಿಮಿಷ ಕಾದು,
ಚಪ್ಪಲಿ ಕೈಯಲ್ಲಿ ಹಿಡಿದು ಬರುವುದೂ.
ಮೂವತ್ತೆಂಟು ಮಂಚ, ಒಂದೊಂದಕ್ಕೂ ಮೇಲೊಬ್ಬಳು ಕೆಳಗೊಬ್ಬಳು:
ಎಪ್ಪತ್ತಾರು ಸುಳ್ಳು ನಿದ್ದೆ.
ನಿಜವಾದ ನಿದ್ದೆಗೆ ಬಾಯಿ ಒಂಚೂರು ತೆರೆದಿರುತ್ತದೆ,
ಇದು ಯಾವ ಹುಡುಗಿಗೂ ಇನ್ನೂ ಗೊತ್ತಿಲ್ಲ.

ಅಮೆಜೋಫೆ ಗುಡ್ಡದ ನೆತ್ತಿಯಲ್ಲಿ ನಮ್ಮ ಶಾಲೆ.
ಅಕ್ರಾದಿಂದ ಬಂದವರು ಇಲ್ಲಿಯ ಮಂಜಿಗೇ ಅಳುತ್ತಾರೆ.
ಜನವರಿಯಲ್ಲಿ ಸಹರಾದ ಧೂಳು ಹೊತ್ತು ಹರ್ಮಟಾನ್ ಬಂದರೆ
ತುಟಿ ಒಡೆಯುತ್ತದೆ, ಕಿಟಕಿ ಬಿಳಚಿಕೊಳ್ಳುತ್ತದೆ.
ಆ ವಾರವೇ ಸಿಕ್ಕಿದ್ದು ಮೊದಲ ತುಂಡು,
ಜಿಫಾಳ ಹಾಸಿಗೆಯಡಿ, ಒಂದರಿಂದ ನಲವತ್ತು.
ಎರಡನೆಯದು ಸೆದಿನಾಮಳ ತಿಂಡಿಪೆಟ್ಟಿಗೆಯಲ್ಲಿ,
ಮರಗೆಣಸಿನ ಗಾರಿಯೊಳಗೆ ಮೊಣಕೈತನಕ ಕೈಯಿಟ್ಟಾಗ.
ಮೂರನೆಯದಕ್ಕೆ ಶಿಟೊ ಚಟ್ನಿಯ ಎಣ್ಣೆ ಇಳಿದು
ಆಚೆ ಪುಟದ ಮುತ್ತು ಈಚೆ ಪುಟದಲ್ಲಿ ಕಾಣುತ್ತಿತ್ತು.

ಒಂದೇ ಪುಸ್ತಕ. ಬೆನ್ನು ಸೀಳಿ ಏಳು ಪಾಲು ಮಾಡಿದ್ದರು,
ಮೀನು ಹಂಚಿದ ಹಾಗೆ. ತಲೆ ಒಬ್ಬಳಿಗೆ, ಬಾಲ ಒಬ್ಬಳಿಗೆ,
ತಿಂದು ಮುಗಿಸಿದವಳು ಪಕ್ಕಕ್ಕೆ ದಾಟಿಸಬೇಕು.
ಶಿಕ್ಷೆ ಕೊಟ್ಟೆ. ಮೈದಾನದ ಹುಲ್ಲು ಕೀಳಿಸಿದೆ.
"ಓದೋ ವಯಸ್ಸಲ್ಲಿ ಓದ್ತಾ ಕೂತ್ರೆ ಹೇಗೆ?" ಎಂದು
ನನಗೇ ಅರ್ಥವಾಗದ ಬೈಗುಳ ಬೈದೆ.

ಆಮೇಲೆ ಕೋಣೆಗೆ ಬಂದು, ಅಗುಳಿ ಹಾಕಿ,
ಸುಮ್ಮನೆ ಒಂದು ಪುಟ, ಅಂತ.

ಅಲ್ಲಿಯೂ ಒಂದು ಹಾಸ್ಟೆಲು. ಹಿಮ ಬೀಳುವ ಊರು,
ಹೆಪ್ಪುಗಟ್ಟುವ ಕೆರೆ, ಅಧವರ್ಷಕ್ಕೆ ಬಂದು ಸೇರಿ
ಯಾರೊಂದಿಗೂ ಮಾತಾಡದ ಹುಡುಗಿ,
ಇಸ್ತ್ರಿಕೋಣೆಯ ಹಿಂದೆ ಯಾರೂ ಹತ್ತದ ಮೆಟ್ಟಿಲು.
ಅಲ್ಲಿಯೂ ಒಬ್ಬಳು ಮೇಟ್ರನ್.
ಸೊಂಟಕ್ಕೆ ಕೀಲಿಗೊಂಚಲು, ಕಾಗೆಯ ಕೊಕ್ಕಿನಂಥ ಮೂಗು,
ನೂರಾ ಮೂವತ್ತನೆಯ ಪುಟದವರೆಗೆ ಹೆಸರೇ ಇಲ್ಲ.
ಎಲ್ಲ ಹುಡುಗಿಯರಿಗೂ ಒಂದೊಂದು ಗುಟ್ಟಿದೆ,
ಅವಳಿಗೆ ಬರೀ ಕೆಮ್ಮು.

ನನಗೂ ಕೆಮ್ಮು. ಧೂಳಿಗೆ.

ಆ ಹುಡುಗಿ ಓಡಿಹೋಗುತ್ತಾಳೋ, ಹುಡುಗ ಕಾಯುತ್ತಾನೋ,
ಅದೆಲ್ಲ ಜಿಫಾಳ ಚಿಂತೆ.
ಆರನೆಯ ತುಂಡಿನ ಕೊನೆಯಲ್ಲಿ ಲಾಟೀನು ಹಿಡಿದು
ಅವಳನ್ನು ಹುಡುಕುತ್ತ ಕೆರೆಯ ಮೇಲೆ ನಡೆದಳಲ್ಲ ಆ ಮುದುಕಿ,
ತಿರುಗಿ ಬಂದಳೋ?
ಏಳನೆಯದು ಸಿಗಲಿಲ್ಲ. ದಿಂಬು ಬಿಚ್ಚಿದೆ,
ನೀರಿನ ಡ್ರಮ್ಮು ಸರಿಸಿದೆ, ಕೀರ್ತನೆ ಪುಸ್ತಕಗಳನ್ನೆಲ್ಲ
ಬೆನ್ನು ಹಿಡಿದು ಕೊಡವಿದೆ.
ಇಪ್ಪತ್ತಾರು ವರ್ಷದಲ್ಲಿ ಇಂಥ ಶಿಸ್ತು ಕಂಡಿರಲಿಲ್ಲವೆಂದು
ಹೆಡ್‌ಮಿಸ್ಟ್ರೆಸ್ ಸಭೆಯಲ್ಲಿ ಹೊಗಳಿದರು.

ಕಸಿದ ಕೈ ಬೇಡುವುದು ಹೇಗೆ?
ಒಂದು ಶನಿವಾರ ಎಲ್ಲರೂ ಬಟ್ಟೆ ಒಗೆಯಲು ಹೋದಾಗ
ಆರೂ ತುಂಡು ಎಲ್ಲಿದ್ದವೋ ಅಲ್ಲೇ ಇಟ್ಟೆ,
ಗಾರಿಯೊಳಗಿನದನ್ನು ಗಾರಿಯೊಳಗೇ.
ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಆ ರಾತ್ರಿ
ಎಪ್ಪತ್ತಾರು ನಿದ್ದೆಗಳೂ ಉಸಿರು ಬಿಗಿಹಿಡಿದಿದ್ದವು.

ಬುಧವಾರ, ಹಾಜರಿ ಪುಸ್ತಕದ ಕೆಳಗೆ, ಏಳನೆಯದು.
ಅಂಚಿನಲ್ಲಿ ಪೆನ್ಸಿಲು:
"ಭಾನುವಾರದೊಳಗೆ. ನಿಮ್ಮ ನಂತರ ಯಾಯ್ರಾ."
ಅಕ್ಷರ ಅಕೊರ್ಫಾಳದು. ತರಗತಿಯಲ್ಲಿ ಕೈಯೆತ್ತದ ಹುಡುಗಿ.

ಓದಿದೆ. ಮಂಜುಗಡ್ಡೆ ಲಟಕ್ಕೆಂದಿತು,
ಅದು ಇನ್ನೂರ ಹನ್ನೆರಡರ ಕೊನೆಯ ಸಾಲು.
ತಿರುವಿದರೆ ಇನ್ನೂರ ಹದಿನೈದು. ಆಗಲೇ ವಸಂತ.
ಹುಡುಗಿಯರು ಮೇಟ್ರನ್‌ಗೆ ಹೂ ಕೊಡುತ್ತಿದ್ದಾರೆ.
ನಡುವಿನ ಹಾಳೆ ಹರಿದದ್ದಲ್ಲ,
ಅಳತೆಪಟ್ಟಿ ಇಟ್ಟು ಬ್ಲೇಡಿನಲ್ಲಿ ಕೊಯ್ದದ್ದು.
ಪುಸ್ತಕಕ್ಕೆಲ್ಲ ನೂರು ಬೆರಳಿನ ಕೊಳೆ,
ಕೊಯ್ದ ಅಂಚು ಮಾತ್ರ ಇನ್ನೂ ಬೆಳ್ಳಗಿತ್ತು.
ಮತ್ತೆ, 'ಮೇಟ್ರನ್' ಎಂಬುದರ ಹಿಂದಿನ ಪದದ ಮೇಲೆ
ದಪ್ಪಗೆ ನೀಲಿ ಶಾಯಿ.
ದೀಪಕ್ಕೆ ಹಿಡಿದು ನೋಡಿದೆ. 'ಹೊಸ.'

ಬ್ಲೇಡು ಯಾರದೆಂದು ವಿಚಾರಣೆ ನಡೆಸಬೇಕಿತ್ತು.
ಹಾಸ್ಟೆಲಿನಲ್ಲಿ ಬ್ಲೇಡು ನಿಷಿದ್ಧ, ನಿಯಮ ಹದಿನಾಲ್ಕು.
ಭಾನುವಾರ ಯಾಯ್ರಾಳ ದಿಂಬಿನಡಿ ಇಟ್ಟು ಬಂದೆ.

ಈಗ ಗಂಟೆ ಹೊಡೆದು ಕಾಲು ಗಂಟೆ ಕಾಯುತ್ತೇನೆ.
ಚಪ್ಪಲಿ ಕಾಲಲ್ಲೇ ಇರುತ್ತದೆ. ಮೆಟ್ಟಿಲ ಬುಡದಲ್ಲಿ
ಬೇಕಿಲ್ಲದಿದ್ದರೂ ಒಮ್ಮೆ ಕೆಮ್ಮುತ್ತೇನೆ,
ಮೇಲೆ ಸರಬರ ಸದ್ದು, ಮಂಚದ ಕಿರಿಕಿರಿ.
ಮೊನ್ನೆ ಟಾರ್ಚು ಹಾಯಿಸಿದರೆ
ಅಕೊರ್ಫಾಳ ಬಾಯಿ ಒಂಚೂರು ತೆರೆದಿತ್ತು.
ಮಲಗಿದ್ದಳೋ, ಅದನ್ನೂ ಕಲಿತುಬಿಟ್ಟಳೋ.