ಸಿರ್ಕಾ

ಯಜ್ದ್‌ನಿಂದ ಬಂದ ಖುದಾಮುರಾದಜ್ಜ
ಅಕ್ಕಲಕೋಟೆಯ ಕರಿಕಲ್ಲು ಕೊರೆಸಿ
ಹದಿನೇಳು ಮೆಟ್ಟಿಲ ಕೆಳಗೆ
ತಂಪು ಕೂಡಿಟ್ಟ.

ದ್ರಾಕ್ಷಿ ತುಳಿದವಳು ಗಂಗವ್ವ;
ಅವಳ ಬೈಗುಳದ ಜೊತೆಗೇ
ನಮ್ಮ ಮನೆಗೆ ಕನ್ನಡ ಬಂತು.

ದಾರೂಬಂದಿಯ ವರ್ಷ ಫೌಜದಾರ
ಪೀಪಾಯಿ ಒಂದೊಂದೇ ಒಡೆಸಿದ.
ಓಣಿಯ ಕೋಳಿಗಳು
ಸಂಜೆತನಕ ತೂರಾಡಿದವಂತೆ.

ಮೂಲೆಯದೊಂದರ ಮೇಲೆ ಮಾತ್ರ
ಅಜ್ಜ ಸುಣ್ಣದಲ್ಲಿ ಬರೆದಿದ್ದ, ಸಿರ್ಕಾ ಎಂದು.
ಫೌಜದಾರ ಮೂಸಲಿಲ್ಲ.
ಓದಿದ, ರುಜು ಹಾಕಿದ, ಹೋದ.

ಕಾನೂನು ಸಡಿಲಾಗುವ ಹೊತ್ತಿಗೆ ಅಜ್ಜನಿಲ್ಲ.
ಬಿರಡೆ ಕಿತ್ತರೆ
ಕಣ್ಣಲ್ಲಿ ನೀರು ತರಿಸುವ ಹುಳಿ.
ಬರೆದ ಸುಳ್ಳು
ಕತ್ತಲಲ್ಲಿ ಕೂತು ಒಳಗೊಳಗೇ ನಿಜವಾಗಿತ್ತು.

ಈಗಲೂ ಉಳ್ಳಾಗಡ್ಡಿ ಹೆಚ್ಚಿದಾಗ
ಅವ್ವ ಒಂದೇ ಚಮಚ ಹನಿಸುತ್ತಾಳೆ.
ಇನ್ನೂ ಅರ್ಧ ಪೀಪಾಯಿ ಇದೆ.